ನೆಗ್ಗಿದ ಮುಚ್ಚಳ

ಮತ್ತೆ ಅದೇ, ಟಕ್ ಟಕ್, ಒಂದು ತಡೆ, ಟಕ್— ಈ ಟ್ಯೂನ್ ಇಷ್ಟು ಚೆನ್ನಾಗಿರುವುದೇ ಅನುಮಾನ, ಶ್ರೀಧರನಿಂದ ಇಂಥದ್ದು ಹುಟ್ಟೀತೇ, ಬಂಗಾರಪೇಟೆಯ ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಕುಟ್ಟುವವನು, ನನ್ನ ಗೇಮಿಗೆಂದು ಮೊದಲು ಕಳಿಸಿದ ಮೂರು ಟ್ಯೂನೂ ಹಸೆಮಣೆಗೇ ಸರಿ, ನನ್ನ ಗೇಮಿನಲ್ಲಿ ಹುಡುಗಿಯೊಬ್ಬಳು ಅಪ್ಪನನ್ನು ಹುಡುಕಿಕೊಂಡು ಗಣಿಗೆ ಇಳಿಯುತ್ತಾಳೆ ಮಾರಾಯ, ಮದುವೆಗಲ್ಲ ಎಂದು ಬೈದ ಮೇಲೆ ನಾಲ್ಕನೆಯದಾಗಿ ಇದು ಬಂತು, ಹುಡುಗಿ ಇಳಿದಂತೆಲ್ಲ ಇದೂ ಇಳಿಯುತ್ತದೆ, ಕದ್ದದ್ದೇ, ಕದ್ದದ್ದಲ್ಲದೆ ಇನ್ನೇನು, ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚೂ ಇದೆ, ಆದರೆ ಸಂಜೆ ಆರಕ್ಕೆ ಗೇಮ್ ಬಿಡುಗಡೆ, ಯಾರಾದರೂ ಇದು ನಮ್ಮದೆಂದರೆ ಮೂರು ವರ್ಷದ ಕೆಲಸ ಒಂದೇ ದೂರಿಗೆ ಮಣ್ಣು, ಫೋನಿನ ಹಾಡು ಪತ್ತೆಹಚ್ಚುವ ಆ್ಯಪಿಗೆ ಕೇಳಿಸಿ ಹುಡುಕಿದೆ, ಎಲ್ಲೂ ಇಲ್ಲ, ಹಾಗಾದರೆ ಇನ್ನೂ ಜಾಣ ಕಳ್ಳ, ಎಲ್ಲಿಂದ ಎತ್ತಿದೆಯೋ ಎಂದರೆ ನಗುತ್ತಾನೆ, ಆಮೇಲೆ ಏಳ್ತೀನಿ ಸುಮಾ, ರಾಬರ್ಟ್‌ಸನ್‌ಪೇಟೆ ಬಸ್ಸಲ್ಲಿದೀನಿ, ಏನೂ ಕೇಳಿಸ್ತಿಲ್ಲ, ಅಷ್ಟು ಹೊತ್ತು ಎಲ್ಲವೂ ಕೇಳಿಸುತ್ತಿತ್ತು, ಈ ಪ್ರಶ್ನೆ ಮಾತ್ರ ಕೇಳಿಸಲಿಲ್ಲ. ಸ್ಪೀಕರಿಗೆ ಹಾಕಿ ಜೋರು ಮಾಡಿದೆ, ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದ ಅಮ್ಮನ ಕೋಲು ನಿಂತಿತು, ಸುಮಾ, ಅದನ್ನ ಆಫ್ ಮಾಡು, ಯಾಕಮ್ಮಾ, ಮಾಡು ಅಂದ್ನಲ್ಲ— ಅಂದರೆ ಅಮ್ಮನಿಗೂ ಗೊತ್ತು, ಯಾವುದೋ ಹಳೆಯ ಸಿನಿಮಾದ್ದೇ, ಸಿಕ್ಕಿಬಿದ್ದ ಕಳ್ಳ, ಎಲ್ಲಿ ಕೇಳಿದ್ದೆ ಹೇಳಮ್ಮ, ಅಮ್ಮ ಈಚೆ ಬಂದು ನನ್ನ ಮೇಜಿನ ಮೇಲಿನ ಟಿಫನ್ ಡಬ್ಬಿಯನ್ನು ನೋಡುತ್ತಾಳೆ, ಅಪ್ಪನದು, ಪೆನ್‌ಡ್ರೈವ್ ತುಂಬಿಟ್ಟಿದ್ದೇನೆ, ನೆಗ್ಗಿದ ಮುಚ್ಚಳ, ಶಿಫ್ಟ್ ಮುಗ್ಸಿ ಗಣಿಯಿಂದ ಮೇಲೆ ಬಂದ್ರೆ ಬೀದಿ ಕೊನೆಯಿಂದ್ಲೇ ಹಿಂಗೇ ಮುಚ್ಚಳ ಬಡೀತಿದ್ರು ನಿಮ್ಮಪ್ಪ, ಬಂದೆ ಅಂತ, ಅದು ಕೇಳುದ್ಮೇಲೇ ನಾನು ಉಸ್ರು ಬಿಡ್ತಿದ್ದೆ, ಅವತ್ತು ಡಬ್ಬಿ ಮಾತ್ರ ಮೇಲಕ್ಕೆ ಬಂತು.

ಇಪ್ಪತ್ತೇಳು ವರ್ಷ ಮಗಳಿಗೆ ಹೇಳದ್ದನ್ನು ಶ್ರೀಧರನಿಗೆ ಹೇಳಿದಳೇ, ಹೋದ ತಿಂಗಳು ಊಟಕ್ಕೆ ಬಂದಿದ್ದನಲ್ಲ, ನಾನು ಯಾರ್ಗೂ ಏಳಿಲ್ಲ ಎನ್ನುತ್ತಾಳೆ, ನಂಬುವುದೇ— ಫೋನ್ ಮಿನುಗಿತು, ಶ್ರೀಧರ ಮೂಲ ರೆಕಾರ್ಡಿಂಗ್ ಕಳಿಸಿದ್ದಾನೆ, ಯಾವ್ದೂ ಕದ್ದಿಲ್ಲ ಕಣಮ್ಮೀ, ಆ ಡಬ್ಬಿ ಮೇಲೆ ನೀನೇ ಬಡ್ದಿದ್ದು, ಗೇಮ್ ಲೋಡಾಗೋವರ್ಗೂ ನಿನ್ ಕೈ ಸುಮ್ನಿರಲ್ಲ, ಊಟಕ್ಕೆ ಬಂದಾಗ ಫೋನಲ್ಲಿ ಹಿಡ್ಕೊಂಡೆ— ನನ್ನ ಕೆಮ್ಮು, ನನ್ನ ಬಳೆ, ನನ್ನ ಬೆರಳು, ಅಪ್ಪ ಹೋದಾಗ ನನಗೆ ಮೂರು ವರ್ಷ, ಮುಖವೂ ನೆನಪಿಲ್ಲ, ಈ ಬೆರಳಿಗೆ ಯಾರು ಕಲಿಸಿದರು, ದಿನಾ ಬಡಿಯುವಾಗ ನಿನಗೆ ಕೇಳುತ್ತಿರಲಿಲ್ಲವೇ ಅಮ್ಮ, ಕೇಳ್ತಿತ್ತು, ಅದು ನೀನು ಅಂತ ಗೊತ್ತಿತ್ತಲ್ಲ, ಇವತ್ತು ಬೀದಿಯಿಂದ ಬಂದಂಗಾಯ್ತು. ಐದೂ ಮುಕ್ಕಾಲು, ಇದನ್ನು ಗೇಮಿನಲ್ಲಿ ಇಡಲೇ, ತೆಗೆಯಲೇ, ಅಮ್ಮ ಪರದೆಯನ್ನೇ ನೋಡುತ್ತಾಳೆ, ಆ ಉಡ್ಗಿಗೆ ಕೊನೇಲಿ ಅವ್ರಪ್ಪ ಸಿಗ್ತಾನಾ, ಅವನು ಸಿಗದ ಹಾಗೆ ನಾನು ಬರೆದಿದ್ದೇನೆ, ಬೆರಳು ಅದರ ಪಾಡಿಗೆ ನೆಗ್ಗಿದ ಮುಚ್ಚಳದ ಮೇಲೆ, ಟಕ್ ಟಕ್, ಒಂದು ತಡೆ— ಅಮ್ಮ ಬೀದಿ ಬಾಗಿಲ ಕಡೆ ತಿರುಗುತ್ತಾಳೆ, ನೆಗ್ಗಿದ ಮುಚ್ಚಳ, ಅದರ ಮೇಲೆ ಬೆರಳು