ಅತ್ತೆ ಕೇಳಿದ ಮಜ್ಜಿಗೆ

ವಡಾಲದ ಸಾಲುಕೋಣೆಗಳ ಚಾಳಿನಲ್ಲಿ ರಮಾಮಣಿಯ ಮನೆಗೆ ಜಾಗದ ಬಡತನವಿತ್ತೇ ಹೊರತು ಹಾಲಿನ ಬಡತನವಿರಲಿಲ್ಲ. ಬೆಳಗಾಗುವ ಮೊದಲೇ ಬೂತಿನ ಕ್ಯೂನಲ್ಲಿ ನಿಂತು ಬಾಟಲಿ ತರುವಳು, ಕೆನೆಗಟ್ಟುವ ತನಕ ಕಾಯಿಸುವಳು, ಗಂಡ ಕೇಶವಮೂರ್ತಿ ಆಫೀಸಿಗೆ ಹೊರಡುವ ಮುನ್ನ ಬೆಳ್ಳಿಲೋಟದ ತುಂಬ ಕೊಡುವಳು. ಮೈಸೂರಿನ ಕಡೆಯವಳು ನೋಡಿ, ಹಾಲು ಕೊಡುವುದೆಂದರೆ ಮರ್ಯಾದೆ ಕೊಡುವುದು. ಬೇಡವೆಂದರೆ ಮುಖಕ್ಕೆ ಹೊಡೆದ ಹಾಗೆ.

ಹಾಗೆ ಹೊಡೆದವರು ಒಬ್ಬರೇ, ಅವಳ ಅತ್ತೆ ಸುಬ್ಬಲಕ್ಷ್ಮಮ್ಮ. ಕೊನೆಯ ಮೂರು ವರ್ಷ ಸೊಸೆಯ ಹಾಲನ್ನು ಮುಟ್ಟಲಿಲ್ಲ. "ಮಜ್ಜಿಗೆ ಇದ್ರೆ ಕೊಡೇ," ಎನ್ನುತ್ತಿದ್ದರು. ಹಾಲಿರುವ ಮನೆಯಲ್ಲಿ ನೀರುಮಜ್ಜಿಗೆ ಬೇಡುವುದೆ! ಚಾಳಿನವರು ಏನಂದುಕೊಂಡಾರು? ಊಟಕ್ಕೆ ಬಡಿಸಿದ್ದು ಬಿಟ್ಟರೆ, ರಮಾಮಣಿ ಹಟ ಹಿಡಿದು ಲೋಟದಲ್ಲಿ ಮಜ್ಜಿಗೆ ಕೊಡಲೇ ಇಲ್ಲ. ಅತ್ತೆ ತನ್ನ ಮೇಲಿನ ಕೋಪ ಬಿಡದೆಯೇ ಹೋದರೆಂಬ ನೋವು ಐದು ವರ್ಷವಾದರೂ ಅವಳನ್ನು ಕೊರೆಯುತ್ತಿತ್ತು.

ಎಂಬತ್ತಾರನೇ ಇಸವಿಯಲ್ಲಿ ಕೇಶವಮೂರ್ತಿಯ ಹೊಟ್ಟೆ ಕೈಕೊಟ್ಟಿತು. ಲೋಕಲ್ ರೈಲು ಹತ್ತಿದರೆ ಸಾಕು, ಗುಡುಗುಡು. ಶಿವಡಿಯಲ್ಲೋ ರೇ ರೋಡಿನಲ್ಲೋ ಇಳಿದು ಓಡಬೇಕು. ರಮಾಮಣಿ ಇದು ಉಷ್ಣವೆಂದು ತೀರ್ಮಾನಿಸಿ ಲೋಟ ಬಿಟ್ಟು ಚೊಂಬಿನ ತುಂಬ ಹಾಲು ಕೊಡತೊಡಗಿದಳು. ಪುಣ್ಯಾತ್ಮ ತುಟಿಪಿಟಕ್ಕೆನ್ನದೆ ಕುಡಿದ. ಹೆದರಿ ಮಧ್ಯಾಹ್ನದ ಡಬ್ಬಿಯನ್ನೂ ಅರ್ಧಕ್ಕೇ ಬಿಡತೊಡಗಿದ, ಕಾಲರು ಸಡಿಲವಾಯಿತು. ಕೆಟ್ಟ ಕಾಯಿಲೆಯೇನೋ ಎಂದು ಅವಳ ಜೀವ ಬಾಯಿಗೆ ಬಂತು. ಘಾಟ್ಕೋಪರಿನ ಡಾಕ್ಟರ್ ಜಯಸಿಂಹರ ಬಳಿಗೆ ಎಳೆದೊಯ್ದಳು.

ಅವರು ವಿಚಾರಿಸಿ, ಒಂದು ವಾರ ಹಾಲು ಬಂದ್ ಮಾಡಿಸಿದರು. ವಾರದಲ್ಲಿ ಹೊಟ್ಟೆ ತಣ್ಣಗಾಯಿತು. ಮತ್ತೆ ಹೋದಾಗ ಬಿಡಿಸಿ ಹೇಳಿದರು: ಹಾಲಿನಲ್ಲೊಂದು ಸಕ್ಕರೆಯಿದೆ, ಅದನ್ನು ಒಡೆಯುವ ರಸ ಎಳೆಗೂಸಿನ ಸಣ್ಣ ಕರುಳಿನಲ್ಲಿ ಧಾರಾಳ, ದೊಡ್ಡವರಾದ ಮೇಲೆ ಎಷ್ಟೋ ಜನಕ್ಕೆ ಕಡಿಮೆ. ಒಡೆಯದ ಸಕ್ಕರೆ ದೊಡ್ಡ ಕರುಳಿಗಿಳಿದರೆ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಹಬ್ಬ; ಅದರಿಂದಲೇ ಗಾಳಿ, ನುಲಿತ, ಭೇದಿ. ಮಜ್ಜಿಗೆ ಆದೀತು, ಹೆಪ್ಪು ಆ ಸಕ್ಕರೆಯಲ್ಲಿ ಒಂದಿಷ್ಟನ್ನು ಮೊದಲೇ ಮುಗಿಸಿರುತ್ತದೆ.

"ವಂಶದಲ್ಲಿ ಬರತ್ತೆ ರೀ ಇದು. ನಿಮ್ಮ ತಾಯಿಗೆ ಹಾಲು ಒಗ್ತಿತ್ತಾ?"

ಕೇಶವಮೂರ್ತಿ ಹೆಂಡತಿಯ ಮುಖ ನೋಡಿದ, ನೆಲ ನೋಡಿದ. "ಇಲ್ಲ. ಕುಡಿದ್ರೆ ಓಡಬೇಕು, ಚಾಳಿನ ಕಾಮನ್ ಕಕ್ಕಸಿಗೆ ಕ್ಯೂ ಬೇರೆ. ಸೊಸೆ ಹತ್ರ ಹೇಳೋಕೆ ನಾಚಿಕೆ ಅಂತಿದ್ಲು ಅಮ್ಮ." ಅಮ್ಮನಂತೆ ತಾನೂ ಬೇಡವೆಂದರೆ ಇವಳು ಇನ್ನಷ್ಟು ನೊಂದಾಳೆಂದು ಇವನು ಬಾಯಿಗೆ ಬೀಗ ಹಾಕಿಕೊಂಡಿದ್ದನಂತೆ.

ರಮಾಮಣಿಗೆ ಮೊದಲು ಹಗುರವೆನಿಸಿತು. ಅತ್ತೆಗೆ ಕೋಪವಿರಲಿಲ್ಲ! ಕುರ್ಲಾದಲ್ಲಿ ಗಾಡಿ ಬದಲಿಸುವಷ್ಟರಲ್ಲಿ ಆ ಹಗುರವೆಲ್ಲ ಅಳುವಾಯಿತು. ಮುದುಕಿ ಕೇಳಿದ್ದು ಒಂದು ಲೋಟ ಮಜ್ಜಿಗೆ, ಅಷ್ಟನ್ನೂ ತಾನು ಕೊಡಲಿಲ್ಲವಲ್ಲ.

ಮನೆಗೆ ಬಂದವಳೇ ಮೊಸರು ಕಡೆದು, ಇಂಗು ಕರಿಬೇವು ಬೆರೆಸಿ, ಬೆಳ್ಳಿಲೋಟಕ್ಕೆ ತುಂಬಿ ಅತ್ತೆಯ ಪಟದ ಮುಂದಿಟ್ಟು ಕೈಮುಗಿದಳು. ಆಮೇಲೆ ಅದನ್ನೇ ಗಂಡನ ಕೈಗಿತ್ತಳು. ಅವನು ಒಂದೇ ಉಸಿರಿಗೆ ಕುಡಿದು ಲೋಟ ಚಾಚಿದ.

"ಇನ್ನೂ ಮಜ್ಜಿಗೆ ಇದ್ರೆ ಕೊಡೇ."

ಥೇಟ್ ಅವನ ಅಮ್ಮನದೇ ದನಿ. ರಮಾಮಣಿ ಸೆರಗಿನಿಂದ ಕಣ್ಣೊರೆಸಿಕೊಂಡು ಪಾತ್ರೆಯನ್ನೇ ತಂದು ಅವನ ಮುಂದಿಟ್ಟಳು.