ಕಾಲರಿನ ಕೆಳಗೆ

"ಕಾಲರ್ ಇಳ್ಸೇ ಮುಂಡೆ. ಕುತ್ಗೆ ತೋರ್ಸು."

ಮೇಲ್ವಿಚಾರಕ ಸಾರಿತ್ ತಾನೇ ನನ್ನ ಪಕ್ಕದ ಮಷೀನಿನ ಕುಂಥಿಯಾಳ ಕಾಲರ್ ಹಿಡಿದೆಳೆದ. ಗುಂಡಿಗಳು ಕಿತ್ತುಬಂದು ನನ್ನ ಮಷೀನಿನ ಮೇಲೆ ಬಿದ್ದವು. ಅವಳ ಕುತ್ತಿಗೆ ತುಂಬ ಕೆಂಪು ಗೆರೆಗಳು. ಜ್ವರ ಬಂದರೆ ನಾವು ಮುಲಾಮು ಹಚ್ಚಿ ನಾಣ್ಯದಿಂದ ಗೆರೆ ಮೂಡುವಷ್ಟು ಮೈ ಉಜ್ಜುತ್ತೇವೆ. ನೋಮ್ ಪೆನ್‌ನ ಗಾರ್ಮೆಂಟ್ಸುಗಳಲ್ಲಿ ಡಾಕ್ಟರಿಗಿಂತ ಇದೇ ಅಗ್ಗ.

"ಇಡೀ ಲೈನಿಗೆ ರೋಗ ಹಂಚ್ದೋಳು ಇವ್ಳೇ. ಹನ್ನೊಂದು ಜನ ಕೆಮ್ತಾವ್ರೆ."

"ಇಲ್ಲಣ್ಣ, ನಂಗೆ ನೆನ್ನೆಯಿಂದ ಅಷ್ಟೇ ಜ್ವರ," ಅಂದಳು ಕುಂಥಿಯಾ. ಅವಳು ಐದು ತಿಂಗಳ ಬಸುರಿ.

"ನೆನ್ನೇನೇ ರಜಾ ಹಾಕೋಕೇನಾಗಿತ್ತು ರೋಗ?"

"ಒಂದಿನ ರಜಾ ಹಾಕುದ್ರೆ ತಿಂಗ್ಳು ಪೂರ್ತಿ ಹಾಜರಿ ಭತ್ಯೆ ಕಿತ್ಕೋತೀರಲ್ಲ. ಬಾಡ್ಗೆ ನಿಮ್ಮಪ್ಪ ಕಟ್ತಾನಾ?"

ಯಾರೋ ಕಿಸಕ್ಕನೆ ನಕ್ಕರು. ಸಾರಿತನ ಮುಖ ಕಪ್ಪಿಟ್ಟಿತು. "ನಡಿ ಆಚೆ. ನಾಳೆಯಿಂದ ಬರ್ಬೇಡ."

ಅವಳು ನನ್ನತ್ತ ನೋಡಿದಳು. ಅವಳಿಗೆ ಗೊತ್ತಿತ್ತು. ಹೋದ ವಾರವೆಲ್ಲ ನಾನು ಜ್ವರದಲ್ಲೇ ಬಂದು ಅವಳ ಪಕ್ಕ ಕೂತು ಕೆಮ್ಮಿದ್ದೆ. ಒಂದೇ ಬಟ್ಟಲಲ್ಲಿ ಗಂಜಿ ಕುಡಿದಿದ್ದೆವು. ಇಲ್ಲಿ ಹದಿನಾಲ್ಕು ವರ್ಷ ದುಡಿದ ಹಳೇ ಕಳ್ಳಿ ನಾನು, ಕಾಲರಿನ ಕೆಳಗಷ್ಟೇ ಉಜ್ಜಿಸಿಕೊಂಡಿದ್ದೆ. ಅವಳ ಗಂಡ ಹೊಸದಾಗಿ ಊರಿಂದ ಬಂದವನು, ಪಾಪ, ಪ್ರೀತಿಯಿಂದ ಕಿವಿಯವರೆಗೂ ಉಜ್ಜಿಬಿಟ್ಟಿದ್ದ.

ಅವಳು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಊಟದ ಡಬ್ಬಿ ಎತ್ತಿಕೊಂಡು ಹೋದಳು. ನನ್ನ ಮುಖಕ್ಕೆ ನಾನೇ ಉಗಿಯಬೇಕೆನಿಸಿತು.

ಅವಳು ಬಾಗಿಲು ದಾಟಿ, ಸಾರಿತ್ ಮೇಲಿನವರಿಗೆ ಫೋನ್ ಮಾಡಿ ಮುಗಿಸಿದ ಮೇಲೆ ಎದ್ದೆ. ಆಗ ಬಂತು ನನ್ನ ಧೈರ್ಯ, ಥೂ.

"ಅಣ್ಣ, ಅವ್ಳನ್ನ ವಾಪಸ್ ಕರಿ. ರೋಗ ತಂದೋಳು ನಾನು."

ಬೆನ್ನು ತಿರುಗಿಸಿ ಅಂಗಿ ಎತ್ತಿದೆ. ಮಷೀನುಗಳು ನಿಂತವು. ಹಿಂದಿನ ಸಾಲಿನ ಬೋಫಾ ಎದ್ದು ತನ್ನ ಅಂಗಿ ಎತ್ತಿದಳು. ಅವಳ ಪಕ್ಕದವಳೂ ಎದ್ದಳು. ಎಲ್ಲರ ಬೆನ್ನ ಮೇಲೂ ಗೆರೆಗಳೇ.

ಸಾರಿತ್ ಗೋಡೆಯತ್ತ ತಿರುಗಿಕೊಂಡ. "ನಾನೇನೂ ನೋಡಿಲ್ಲ. ಶುಕ್ರವಾರ ಮಾಲು ಹಡಗು ಹತ್ಬೇಕು. ನಿಮ್ಮನ್ನೆಲ್ಲ ಮನೇಗ್ ಕಳ್ಸಿ ನಾನು ಹೊಲೀಲಾ? ಮುಚ್ಕೊಂಡು ಕೂತ್ಕೊಳ್ರೇ."

"ಮತ್ತೆ ಕುಂಥಿಯಾ?"

"ರೋಗದೋಳ್ನ ಕಳ್ಸಾಯ್ತು ಅಂತ ಮೇಲಿನೋರ್ಗೆ ಹೇಳಾಯ್ತು. ರೋಗ ಹೋಯ್ತು."

ಬೋಫಾ ಕೂತಳು. ಅವಳ ಪಕ್ಕದವಳೂ ಕೂತಳು. ತಿಂಗಳು ಮುಗಿದು ಭತ್ಯೆ ಕೈಸೇರಲು ಇನ್ನು ಆರೇ ದಿನವಿತ್ತು.

ನಾನೂ ಕೂತೆ.