ಟಿಂಕ್ ಎಂದ ಪೆಟ್ಟಿಗೆ

ಬೆಳಗ್ಗೆ ಹತ್ತು ಗಂಟೆ. ಸೋಪಿನ ಪುಡಿ ಕಾರ್ಖಾನೆಯ ಗೋದಾಮಿನಲ್ಲಿ, ಕಂಪ್ಯೂಟರ್ ‘ಇವೆ’ ಎಂದ ಪ್ಯಾಕೆಟ್ಟುಗಳು ಇರಲಿಲ್ಲ.

(ಹೀಗೆ ಶುರು ಮಾಡಬಹುದೇ? ಗೋದಾಮಿನವನ ಮುಖದಿಂದ ಶುರು ಮಾಡಿದರೆ ನೀವು ಆಗಲೇ ಅವನನ್ನು ಕಳ್ಳ ಎಂದುಕೊಳ್ಳುತ್ತೀರಿ. ಇಂಥ ಕಡೆ ಪತ್ರಿಕೆಯವರು ‘ಎನ್ನಲಾಗಿದೆ’ ಎಂದು ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ನಾನೂ ಸೇರಿಸುತ್ತೇನೆ.)

೧. ಗೋದಾಮಿನವನು ಕದ್ದಿದ್ದಾನೆ ಎನ್ನಲಾಗಿದೆ. ಮಾಲೀಕ ಸಂಜೆಯವರೆಗೆ ಗಡುವು ಕೊಟ್ಟಿದ್ದಾನೆ: ಸರಕು ತೋರಿಸು, ಇಲ್ಲವೇ ಕೀ ಗೊಂಚಲು ಇಟ್ಟು ಹೋಗು.

೩. (ಎರಡನೆಯದನ್ನು ಹರಿದುಹಾಕಿದೆ. ಅದರಲ್ಲಿ ಗೋದಾಮಿನವನು ಅಳುತ್ತಿದ್ದ. ಅವನು ಅಳುವವರ ಪೈಕಿಯಲ್ಲ.)

ಮೇಲಿನ ಮಹಡಿಯಲ್ಲಿ ಕೂತು ಪ್ಯಾಕೆಟ್ಟುಗಳಿಗೂ ಪೆಟ್ಟಿಗೆಗಳಿಗೂ ಬಾರ್‌ಕೋಡ್ ನಂಬರ್ ಕೊಡುವವಳು ಅವನ ನಾದಿನಿ. ಅವನು ಅವಳನ್ನು ‘ನಂಬರ್ ಮಹಾರಾಣಿ’ ಎನ್ನುತ್ತಾನೆ. ಅಕ್ಕನ ಮನೆಯಲ್ಲಿ ಅವಳಿದ್ದ ಕೋಣೆಯನ್ನು ಅವನು ಖಾಲಿ ಮಾಡಿಸಿದ ಮೇಲೆ ಇಬ್ಬರಿಗೂ ಮಾತಿಲ್ಲ. ಸೇಡಿಗೆ ಕಾರಣ ಸಿಕ್ಕಿತು ಎಂದು ನನ್ನ ಪೆನ್ನು ಚುರುಕಾಯಿತು.

೪. ನಿಯಮ ಸರಳ. ಪ್ಯಾಕೆಟ್ಟಿಗೆ ಒಂದು ನಂಬರ್. ಅಂಥ ಡಜನ್ ಪ್ಯಾಕೆಟ್ ತುಂಬಿದ ಪೆಟ್ಟಿಗೆಗೆ ಬೇರೆ ನಂಬರ್: ಪ್ಯಾಕೆಟ್ಟಿನ ನಂಬರಿನ ಮುಂದೆ ಒಂದು ಅಂಕಿ ಸೇರಿಸಿ, ತಾಳೆ ನೋಡುವ ಕೊನೆಯ ಅಂಕಿಯನ್ನು ಹೊಸದಾಗಿ ಲೆಕ್ಕ ಹಾಕಬೇಕು. ಹೊಸ ಪುಡಿಯ ಪೆಟ್ಟಿಗೆಗಳ ಮೇಲೆ ಪ್ಯಾಕೆಟ್ಟಿನ ನಂಬರೇ ಇದೆ. ಪೆಟ್ಟಿಗೆ ಗೇಟು ದಾಟಿದಾಗಲೆಲ್ಲ ಕಂಪ್ಯೂಟರ್ ಒಂದೇ ಪ್ಯಾಕೆಟ್ ಹೋಯಿತೆಂದು ಬರೆದುಕೊಂಡಿತು. ಉಳಿದವು ಗೋದಾಮಿನಲ್ಲೇ ಇವೆ ಎಂದು ನಂಬಿತು. ಯಾರೂ ಕದ್ದಿಲ್ಲ.

“ಬೇಕಂತಲೇ ಅಂಟಿಸಿದೆಯಾ?” ಎಂದು ನಾದಿನಿಯನ್ನು ಕೇಳಿದೆ.

“ಅಯ್ಯೋ, ನೀವೊಬ್ರು! ಕೊನೇ ಅಂಕಿ ಬದಲಾಯ್ಸೋದು ಮರೆತಿದ್ದೆ, ಸ್ಕ್ಯಾನರ್ ಓದ್ಲಿಲ್ಲ. ಕೆಳಗೆ ಲಾರಿಯವ್ನು ಹಾರ್ನ್ ಹೊಡೀತಾನೇ ಇದ್ದ. ಪ್ಯಾಕೆಟ್ ನಂಬರ್ ಹಾಕ್ದೆ. ಸ್ಕ್ಯಾನರ್ ಟಿಂಕ್ ಅಂತು. ಎಲ್ರೂ ಖುಷಿಯಾದ್ರು.”

“ಆಮೇಲೆ ಸರಿ ಮಾಡಬಹುದಿತ್ತಲ್ಲ?”

“ಟಿಂಕ್ ಅಂದಿದ್ದನ್ನ ಯಾರಾದ್ರೂ ಮತ್ತೆ ತಿರುಗಿ ನೋಡ್ತಾರಾ?”

“ಈಗ ಗೊತ್ತಾಗಿದೆಯಲ್ಲ. ಹೋಗಿ ಹೇಳು.”

“ಹೇಳಿದ್ರೆ ನನ್ನ ಕೆಲ್ಸ ಹೋಗುತ್ತೆ. ನೀವು ಕೊಡ್ತೀರಾ, ನಿಮ್ಮ ಕಥೇಲಿ ಕೆಲ್ಸ?”

(ಗಮನಿಸಿ: ‘ಬೇಕಂತಲೇ ಅಲ್ಲ’ ಎಂದು ಅವಳು ಇನ್ನೂ ಹೇಳಿಲ್ಲ.)

೫. ಮುಕ್ತಾಯಗಳನ್ನು ಅವಳ ಮುಂದಿಟ್ಟೆ.

ಅ) ಅವಳು ಬಾಯಿ ಬಿಡುವುದಿಲ್ಲ, ಭಾವ ಕಳ್ಳನಾಗಿಯೇ ಉಳಿಯುತ್ತಾನೆ.

“ಹೊಡೆದುಹಾಕಿ. ಅಕ್ಕನ ಮುಖ ನೋಡ್ಬೇಕಾದವಳು ನಾನು, ನೀವಲ್ಲ.”

ಆ) ಭಾವನೇ ತಪ್ಪನ್ನು ಪತ್ತೆ ಹಚ್ಚುತ್ತಾನೆ.

“ಭಾವ? ತಲೆ ಮೇಲಿರೋ ಕನ್ನಡಕಾನೇ ಅವ್ರಿಗೆ ಸಿಗಲ್ಲ!” ನಕ್ಕಳು. ಆಮೇಲೆ ನನ್ನನ್ನೇ ದುರುಗುಟ್ಟಿ ನೋಡಿದಳು. “ಬೆಳಗ್ಗೆಯಿಂದ ನಿಮಗೂ ಗೊತ್ತಿತ್ತಲ್ವಾ? ನೀವ್ಯಾಕೆ ಹೇಳ್ಲಿಲ್ಲ?”

ಕಥೆಗೆ ಸಂಜೆಯ ಗಡುವು ಬೇಕಿತ್ತು.

ಇ) (ಇದನ್ನು ನಾನು ಯೋಜಿಸಿರಲಿಲ್ಲ. ಅವಳು ಬೇಕಂತಲೇ ಮಾಡಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿದೆ ಎನ್ನುವ ಕಥೆಗಾರನನ್ನು ನಂಬಬೇಡಿ.)

ಗಡುವು ಮುಗಿಯುವ ಮೊದಲೇ ಅವಳು ತಪ್ಪು ನಂಬರಿನ ಪೆಟ್ಟಿಗೆಯೊಂದನ್ನು ಎತ್ತಿಕೊಂಡು ಮಾಲೀಕನ ಕೋಣೆಗೆ ಹೋದಳು. ಮೇಜಿನ ಮೇಲೆ ಕೀ ಗೊಂಚಲು ಇತ್ತು. ಭಾವ ಆಗಲೇ ಅದನ್ನಿಟ್ಟು ಮನೆಗೆ ಹೋಗಿದ್ದ.